ಬಡಗಿಯ ಬೆಂಚು: ನೆಲದಿಂದ ಎದ್ದು ನಿಂತ ಮಣೆಯ ಕಥೆ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಅಜ್ಜಿ ಮನೆಯಲ್ಲಿ ತೆಂಗಿನಕಾಯಿ ತುರಿಯೋ ಮಣೆ ಇತ್ತಾ? ಮರದ್ದು, ತುದಿಯಲ್ಲಿ ಹಲ್ಲಿರೋ ಕಬ್ಬಿಣದ ನಾಲಿಗೆ. ನಮ್ಮ ಕಡೆ ತುರಿಮಣೆ ಅಂತೀವಿ, ಮಂಗಳೂರು ಕಡೆ ಹೆರೆಮಣೆ. ಅದನ್ನ ಕೈಯಲ್ಲಿ ಹಿಡ್ಕೊಂಡು ಕಾಯಿ ತುರಿಯೋಕಾಗಲ್ಲ. ಅದರ ಮೇಲೆ ಕೂರಬೇಕು. ಕೂತ ತಕ್ಷಣ ನಿಮ್ಮ ಮೈಭಾರವೇ ಮಣೆಯನ್ನ ನೆಲಕ್ಕೆ ಒತ್ತಿ ಹಿಡಿಯುತ್ತೆ, ಎರಡೂ ಕೈ ಕಾಯಿ ಹೋಳಿಗೆ ಸಿಗುತ್ತೆ. ಈಳಿಗೆಮಣೆಯದೂ ಅದೇ ಲೆಕ್ಕ. ಮಣೆ ಮೇಲೆ ಕಾಲು, ಕತ್ತಿ ಅಲ್ಲಾಡಲ್ಲ, ಎರಡೂ ಕೈ ತರಕಾರಿಗೆ.

ಈ ಲೆಕ್ಕ ಅರ್ಥ ಆಗಿದ್ರೆ ಇವತ್ತಿನ ಸಂಚಿಕೆಯ ಅರ್ಧ ನಿಮಗೆ ಆಗಲೇ ಗೊತ್ತು. ಯಾಕಂದ್ರೆ ಇವತ್ತು ನಾನು ಮಾತಾಡ್ತಾ ಇರೋದು ಬಡಗಿಯ ಬೆಂಚಿನ ಬಗ್ಗೆ. ಮರ ಇಟ್ಟು ಕುಯ್ಯೋಕೆ, ಉಜ್ಜೋಕೆ, ಉಳಿ ಹೊಡೆಯೋಕೆ ಬೇಕಾದ ಬೆಂಚು. ವರ್ಕ್‌ಬೆಂಚ್.

ಮರಗೆಲಸ ಕಲೀಬೇಕು ಅಂತ ಆಸೆ ಇರೋ ನನ್ನ ವಯಸ್ಸಿನವರನ್ನ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಒಂದೇ ಕಡೆ ನಿಂತುಹೋಗಿರ್ತಾರೆ. ವಿಡಿಯೋ ನೋಡ್ತಾರೆ. ವಿಡಿಯೋದಲ್ಲಿ ಇರೋ ಮನುಷ್ಯನ ಹಿಂದೆ ಒಂದು ದೊಡ್ಡ ಬೆಂಚು, ಎರಡು ಕಡೆ ಕಬ್ಬಿಣದ ವೈಸ್, ಕನ್ನಡಿ ತರ ಹೊಳೆಯೋ ಮೇಲ್ಮೈ. ಅಂಥದ್ದನ್ನ ಆನ್‌ಲೈನ್‌ನಲ್ಲಿ ಹುಡುಕ್ತಾರೆ, ಬೆಲೆ ನೋಡಿದ್ರೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್‌ದು. ಅಲ್ಲಿಗೆ ಆಸೆ ಮುಗೀತು. ಇನ್ನೊಂದು ತಮಾಷೆ ಏನಂದ್ರೆ, ಬೆಂಚು ಮಾಡ್ಕೋಬೇಕು ಅಂದ್ರೆ ಮರ ಹಿಡಿಯೋಕೆ ಮೊದಲು ಒಂದು ಬೆಂಚು ಬೇಕಲ್ಲ? ಬೆಂಚಿಲ್ಲದೆ ಬೆಂಚು ಮಾಡೋದು ಹೇಗೆ?

ಈ ಗಂಟಿಗೆ ಇತಿಹಾಸದಲ್ಲಿ ಉತ್ತರ ಇದೆ. ಮೊದಲಿನ ಬಡಗಿ ಬೆಂಚುಗಳು ಹೇಗಿದ್ವು ಅಂತ ನೋಡಿದ್ರೆ, ನಾವು ಯಾವುದನ್ನ ಬೆಂಚು ಅಂದ್ಕೊಂಡಿದ್ದೀವೋ ಅದರ ಮುಕ್ಕಾಲು ಭಾಗ ಆಮೇಲೆ ಸೇರಿಕೊಂಡಿದ್ದು.

ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಕ್ರಿ.ಶ. 79ರಲ್ಲಿ ಸಿಡಿದಾಗ ಪಾಂಪೆ ಒಂದೇ ಅಲ್ಲ, ಪಕ್ಕದ ಹರ್ಕ್ಯುಲೇನಿಯಂ ಅನ್ನೋ ಊರೂ ಹೂತುಹೋಯ್ತು. 18ನೇ ಶತಮಾನದಲ್ಲಿ ಅದನ್ನ ಅಗೆದಾಗ ಸಿಕ್ಕ ಗೋಡೆ ಚಿತ್ರಗಳಲ್ಲಿ ಒಂದು ಬಡಗಿ ಅಂಗಡಿಯದು. ಕೆಲಸ ಮಾಡ್ತಾ ಇರೋರು ಮಾತ್ರ ಮನುಷ್ಯರಲ್ಲ, ರೆಕ್ಕೆ ಇರೋ ಪುಟಾಣಿ ಮನ್ಮಥರು. ರೋಮನ್ ಶ್ರೀಮಂತರಿಗೆ ಇಂಥ ಚಿತ್ರ ಇಷ್ಟ, ದೇವತೆ ಮಕ್ಕಳು ದುಡೀತಾ ಇರೋದನ್ನ ನೋಡೋದು ಒಂದು ಮುದ್ದು. ಮೂಲ ಚಿತ್ರ ಹಾಳಾಗಿದೆ. ಆದರೆ ಅಗೆದ ಕಾಲದಲ್ಲೇ ಅದನ್ನ ನಕಲು ಮಾಡಿ, 1757ರಲ್ಲಿ ಬಂದ ದೊಡ್ಡ ಪುಸ್ತಕವೊಂದರಲ್ಲಿ ಅಚ್ಚು ಹಾಕಿದ್ರು. ಹಾಗಾಗಿ ನಾವು ಇವತ್ತೂ ನೋಡಬಹುದು. ಇಬ್ಬರು ಪುಟಾಣಿಗಳು ಗರಗಸದ ಎರಡು ತುದಿ ಹಿಡ್ಕೊಂಡು ಹಲಗೆ ಕುಯ್ತಾ ಇದ್ದಾರೆ. ಹಲಗೆ ಕೂತಿರೋದು ಒಂದು ತಗ್ಗು ಬೆಂಚಿನ ಮೇಲೆ. ಉದ್ದಕ್ಕೆ ಒಂದು ಹಲಗೆ, ನಾಲ್ಕು ಕಾಲು, ಮೇಲೆ ತೂತುಗಳು, ಒಂದು ತೂತಿನಲ್ಲಿ ಕಬ್ಬಿಣದ ಕೊಕ್ಕೆ. ಅಷ್ಟೇ. ವೈಸ್ ಇಲ್ಲ, ಸ್ಕ್ರೂ ಇಲ್ಲ, ಡ್ರಾಯರ್ ಅಂತೂ ಇಲ್ಲವೇ ಇಲ್ಲ.

ಚಿತ್ರ ಅಂದ್ರೆ ಕಲಾವಿದನ ಕಲ್ಪನೆ ಇರಬಹುದು ಅಂತ ನೀವು ಹೇಳಬಹುದು. ಸರಿ. ಜರ್ಮನಿಯಲ್ಲಿ, ಫ್ರಾಂಕ್‌ಫರ್ಟ್ ಹತ್ತಿರ, ಸಾಲ್‌ಬುರ್ಗ್ ಅಂತ ರೋಮನ್ ಸೈನ್ಯದ ಕೋಟೆ ಇದೆ. ಅಲ್ಲಿನ ಹಳೇ ಬಾವಿಯಿಂದ ನಿಜವಾದ ರೋಮನ್ ಬೆಂಚು ಸಿಕ್ಕಿದೆ. ನೀರು, ಕೆಸರಿನ ಅಡಿಯಲ್ಲಿ ಗಾಳಿ ಆಡದೆ ಇದ್ದಿದ್ದಕ್ಕೆ ಮರ ಕೊಳೀಲಿಲ್ಲ. ಅದೂ ಇದೇ ಜಾತಿ. ದಪ್ಪ ಹಲಗೆ, ಹಲಗೆಗೆ ತೂತು, ತೂತಿಗೆ ಕಾಲು.

ಈ ತಗ್ಗು ಬೆಂಚನ್ನ ಬಳಸೋ ರೀತಿ ತುರಿಮಣೆಯದ್ದೇ. ಉಜ್ಜಬೇಕಾದ ಹಲಗೆಯನ್ನ ಬೆಂಚಿನ ಮೇಲೆ ಉದ್ದಕ್ಕೆ ಮಲಗಿಸಿ, ಅದರ ತುದಿಯನ್ನ ಒಂದು ಗೂಟಕ್ಕೆ ತಾಗಿಸ್ತಾರೆ. ಬಡಗಿ ಬೆಂಚಿನ ಆಚೆ ಈಚೆ ಕಾಲು ಹಾಕಿ, ಕುದುರೆ ಏರಿದಂಗೆ ಕೂರ್ತಾನೆ. ಉಜ್ಜುಗೊರಡನ್ನ, ಸೈಟ್‌ನಲ್ಲಿ ರಂದ ಅಂತಾರಲ್ಲ ಅದನ್ನ, ಮುಂದಕ್ಕೆ ತಳ್ತಾನೆ. ಹಲಗೆ ಎಲ್ಲಿಗೆ ಹೋಗುತ್ತೆ? ಮುಂದೆ ಗೂಟ ಇದೆ, ಮೇಲೆ ಉಜ್ಜುಗೊರಡಿನ ಒತ್ತಡ ಇದೆ, ಬೆಂಚು ಅಲ್ಲಾಡದಂಗೆ ಅವನೇ ಕೂತಿದ್ದಾನೆ. ಕುಯ್ಯೋವಾಗ ಬೆಂಚಿನ ಮೇಲೆ ಹಲಗೆ ಇಟ್ಟು ಮಂಡಿ ಊರಿದ್ರೆ ಮುಗೀತು. ಅಂದ್ರೆ ದುಬಾರಿ ವೈಸ್ ಮಾಡೋ ಕೆಲಸವನ್ನ ಮೈಯೇ ಮಾಡುತ್ತೆ.

ಹಾಗಾದ್ರೆ ಬೆಂಚು ಎತ್ತರ ಆಗಿದ್ದು ಯಾವಾಗ? ಒಂದೇ ದಿನದಲ್ಲಿ ಆಗಿದ್ದಲ್ಲ. 1505ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮಾರ್ಟಿನ್ ಲೋಫೆಲ್‌ಹೋಲ್ಜ್ ಅನ್ನೋನು ಸಿದ್ಧ ಮಾಡಿದ ಚಿತ್ರಗಳ ಹಸ್ತಪ್ರತಿ ಇದೆ. ಅದರಲ್ಲಿ ಮರದ ಸ್ಕ್ರೂ ತಿರುಗಿಸಿ ಹಲಗೆಯನ್ನ ಬಿಗಿಯೋ ಬೆಂಚು ಕಾಣುತ್ತೆ. ಸ್ಕ್ರೂ ಬಂದ ಮೇಲೆ ಮೈ ಹಾಕಿ ಒತ್ತಬೇಕಾಗಿಲ್ಲ, ಎದ್ದು ನಿಂತು ಕೆಲಸ ಮಾಡಬಹುದು. ನಿಂತರೆ ಉದ್ದದ ಉಜ್ಜುಗೊರಡನ್ನ ಇಡೀ ದೇಹದಿಂದ ತಳ್ಳಬಹುದು, ದೊಡ್ಡ ಹಲಗೆಯ ಸುತ್ತ ಓಡಾಡಬಹುದು.

ನಿಲ್ಲೋ ಬೆಂಚಿನ ಪುರಾಣ ಬರೆದವನು ಅಂದ್ರೆ ಆಂದ್ರೆ ಜಾಕೋಬ್ ರೂಬೋ. 1739ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವನು, ಅಪ್ಪನೂ ಬಡಗಿ, ತಾನೂ ಬಡಗಿ. ಹಗಲು ಕೆಲಸ ಮಾಡಿ, ಬಿಡುವಿನಲ್ಲಿ ಬ್ಲೋಂಡೆಲ್ ಅನ್ನೋ ಹೆಸರಾಂತ ವಾಸ್ತುಶಿಲ್ಪಿ ಹತ್ತಿರ ಗಣಿತ, ಚಿತ್ರ ಎಲ್ಲ ಕಲಿತ. 1769ರಿಂದ ಶುರುವಾಗಿ ಹಲವು ಭಾಗಗಳಲ್ಲಿ ಮರಗೆಲಸದ ಬಗ್ಗೆ ಅವನ ಮಹಾಗ್ರಂಥ ಬಂತು, ಹೊರತಂದಿದ್ದು ಫ್ರಾನ್ಸಿನ ವಿಜ್ಞಾನ ಅಕಾಡೆಮಿ. ಚಿತ್ರದ ತಾಮ್ರಫಲಕಗಳಲ್ಲಿ ಎಷ್ಟನ್ನೋ ಅವನೇ ಕೊರೆದ. ಅವನ ಬೆಂಚಿನ ಮೇಲ್ಭಾಗ ಐದಾರು ಇಂಚು ದಪ್ಪದ ಒಂದೇ ಹಲಗೆ. ಇವತ್ತು ವಿಡಿಯೋಗಳಲ್ಲಿ ಹೊಳೆಯೋ ಬೆಂಚುಗಳಲ್ಲಿ ಬೇಕಾದಷ್ಟು ಈ ರೂಬೋ ಬೆಂಚಿನ ಮೊಮ್ಮಕ್ಕಳೇ. ಒಳ್ಳೇ ಬೆಂಚು, ನಾನು ಕಡಿಮೆ ಅನ್ನಲ್ಲ. ಆದರೆ ಆರು ಇಂಚು ದಪ್ಪದ ಹಲಗೆ ಅಂದ್ರೆ ಪ್ಯಾರಿಸ್‌ನ ಆ ಕಾಲದ ಅಂಗಡಿಗೆ ಸರಿ, ಬೆಂಗಳೂರಿನ ಎರಡನೇ ಮಹಡಿ ಬಾಡಿಗೆ ಮನೆಗೆ ಹತ್ತಿಸೋರು ಯಾರು?

ನನಗೆ ಇಷ್ಟ ಆಗೋದು ಇನ್ನೊಬ್ಬ. ಪೀಟರ್ ನಿಕಲ್ಸನ್, ಸ್ಕಾಟ್ಲೆಂಡಿನವನು, ಕಲ್ಲುಕುಟಿಗನ ಮಗ, ಹುಟ್ಟಿದ್ದು 1765ರಲ್ಲಿ. ಬಡಗಿ ಕೆಲಸ ಕಲಿತು ಲಂಡನ್ನಿಗೆ ಹೋದ. ಅಲ್ಲಿ ಕೂಲಿ ಕೆಲಸದವರಿಗೆ ಸಂಜೆ ಪಾಠ ಹೇಳ್ತಿದ್ದ. 1812ರಲ್ಲಿ ಅವನ ಪುಸ್ತಕ ಬಂತು, ಅದರಲ್ಲಿರೋ ಬೆಂಚನ್ನ ನೋಡಿದ್ರೆ ಬಡವರ ಬುದ್ಧಿವಂತಿಕೆ ಕಾಣುತ್ತೆ. ಮೇಲ್ಭಾಗಕ್ಕೆ ದಪ್ಪ ಮರ ಬೇಡ, ತೆಳು ಹಲಗೆ ಸಾಕು. ಅದರ ಬದಲು ಮುಂದುಗಡೆ ಒಂದು ಅಗಲವಾದ ಹಲಗೆಯನ್ನ ಲಂಗದ ತರ ಇಳಿಬಿಟ್ಟು ಮೊಳೆ ಹೊಡೀತಾನೆ. ಕಾಗದದ ಹಾಳೆ ಬಗ್ಗುತ್ತೆ, ಅದರ ಅಂಚು ಮಡಚಿದ್ರೆ ಬಗ್ಗಲ್ಲ ಅಲ್ವಾ, ಅದೇ ಉಪಾಯ. ನೆಟ್ಟಗೆ ನಿಂತ ಹಲಗೆ ಭಾರ ಹೊರುತ್ತೆ. ಆ ಮುಂದಿನ ಹಲಗೆಗೇ ಸಾಲಾಗಿ ತೂತು ಕೊರೆದು ಗೂಟ ಸಿಕ್ಕಿಸಿದ್ರೆ, ಉದ್ದನೆ ಮರವನ್ನ ಅಂಚು ಉಜ್ಜೋಕೆ ಅದರ ಮೇಲೆ ಆನಿಸಬಹುದು.

ನಿಮ್ಮ ಅಪಾರ್ಟ್‌ಮೆಂಟಲ್ಲಿ ಯಾರಾದ್ರೂ ಹೊಸದಾಗಿ ಇಂಟೀರಿಯರ್ ಮಾಡಿಸ್ತಾ ಇದ್ರೆ ಒಮ್ಮೆ ಬಾಗಿಲಲ್ಲಿ ಇಣುಕಿ ನೋಡಿ. ರಾಜಸ್ಥಾನದಿಂದಲೋ ಬಿಹಾರದಿಂದಲೋ ಬಂದ ಕಾರ್ಪೆಂಟರ್‌ಗಳು ಮೊದಲ ದಿನ ಮಾಡೋ ಮೊದಲ ವಸ್ತು ವಾರ್ಡ್‌ರೋಬ್ ಅಲ್ಲ. ಉಳಿದ ಪ್ಲೈವುಡ್, ಪ್ಯಾಕಿಂಗ್ ಪಟ್ಟಿ, ಒಂದು ಹಿಡಿ ಮೊಳೆ ಸೇರಿಸಿ ಒಂದು ಒರಟು ಬೆಂಚು ಹೊಡ್ಕೋತಾರೆ. ಕೆಲಸ ಮುಗಿದ ದಿನ ಅದನ್ನ ಒಡೆದು ಎಸೀತಾರೆ. ಆ ಬೆಂಚಿಗೂ ಹಲವು ಸಲ ಪಕ್ಕಕ್ಕೆ ಇಳಿಬಿಟ್ಟ ಪಟ್ಟಿ ಇರುತ್ತೆ, ನಿಕಲ್ಸನ್ ಹೆಸರು ಅವರು ಕೇಳಿರಲಿಕ್ಕಿಲ್ಲ. ಬೆಲೆ ಕೇಳಿ ಹೆದರಿ ಕೂತಿರೋ ನಮ್ಮಂಥವರ ಎದುರಿಗೇ ದಿನಾ ಒಂದು ಬೆಂಚು ಹುಟ್ಟಿ ಸಾಯ್ತಾ ಇದೆ.

ಈಗ ನಮ್ಮ ಊರಿನ ಹಳೇ ಕಥೆಗೆ ಬರೋಣ. ನಮ್ಮಲ್ಲಿ ನಿಲ್ಲೋ ಬೆಂಚು ಇರಲಿಲ್ಲ. ಕನ್ನಡದ ಪದಗಳನ್ನೇ ನೋಡಿ. ಉಳಿ ಇದೆ, ಬಾಚಿ ಇದೆ, ಗರಗಸ, ಬೈರಿಗೆ, ಕೊಡತಿ, ಬೆಣೆ, ಗೂಟ, ಎಲ್ಲ ಇದೆ. ಈ ಎತ್ತರದ ಬೆಂಚಿಗೆ ಮಾತ್ರ ಬೆಂಚು ಅಂತ ಇಂಗ್ಲಿಷ್ ಪದವೇ. ಅಗತ್ಯ ಬೀಳಲಿಲ್ಲ, ಪದ ಹುಟ್ಟಲಿಲ್ಲ. ಆಚಾರಿ ನೆಲದ ಮೇಲೆ ಕೂರ್ತಿದ್ದ. ಮರದ ತುಂಡನ್ನ ಒಂದು ಕಾಲಿನ ಪಾದದಿಂದ ಒತ್ತಿ, ಇನ್ನೊಂದು ಕಾಲಿನ ಬೆರಳುಗಳಿಂದ ಹಿಡಿದು, ಎರಡು ಕೈಯಲ್ಲಿ ಉಳಿ ಮತ್ತು ಕೊಡತಿ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದು ಅವನ ವೈಸ್. ನಮ್ಮ ತೇರುಗಳ ಕೆತ್ತನೆ, ತೊಟ್ಟಿಮನೆಯ ಕಂಬ, ಬಾಗಿಲ ಚೌಕಟ್ಟಿನ ಬಳ್ಳಿ ಎಲ್ಲ ಹೀಗೆ ಕೂತವರ ಕೈಯಿಂದ ಬಂದಿದ್ದು. ಜಪಾನಿನಲ್ಲೂ ನೆಲಮಟ್ಟದ ಕೆಲಸ ಇತ್ತು, ಅಲ್ಲಿನ ಬಡಗಿಗಳನ್ನ ಇವತ್ತು ಜಗತ್ತು ಕೈಮುಗಿದು ನೋಡುತ್ತೆ.

ಆದರೆ ನಮ್ಮ ಬಡಗಿಗಳನ್ನ ಆ ಕಾಲದ ಬ್ರಿಟಿಷರು ನೋಡಿದ ರೀತಿಯೇ ಬೇರೆ. ಜಾನ್ ಲಾಕ್‌ವುಡ್ ಕಿಪ್ಲಿಂಗ್ ಅಂತ ಒಬ್ಬ ಕಲಾ ಅಧ್ಯಾಪಕ, ಕತೆಗಾರ ರಡ್‌ಯಾರ್ಡ್ ಕಿಪ್ಲಿಂಗ್‌ನ ಅಪ್ಪ, 1870ರಲ್ಲಿ ಸರ್ಕಾರದ ಕೆಲಸದ ಮೇಲೆ ಉತ್ತರ ಭಾರತ ಸುತ್ತಿ ಕುಶಲಕರ್ಮಿಗಳ ಚಿತ್ರ ಬರೆದ. ಶಿಮ್ಲಾದ ಮರಗೆತ್ತನೆಯವನ ಚಿತ್ರವೂ ಅದರಲ್ಲಿದೆ, ನೆಲದ ಮೇಲೆ ಕೂತು ತನ್ನ ಪಾಡಿಗೆ ತಾನು ಕೆತ್ತುತ್ತಾ ಇದ್ದಾನೆ. ಕಿಪ್ಲಿಂಗ್‌ಗೆ ಇಂಥವರ ಬಗ್ಗೆ ಗೌರವ ಇತ್ತು. ಎಲ್ಲರಿಗೂ ಇರಲಿಲ್ಲ. ಕೂತು ಕೆಲಸ ಮಾಡೋದು ಅಂದ್ರೆ ಸೋಮಾರಿತನ, ಕಾಲು ಬಳಸೋದು ಅಂದ್ರೆ ಹಿಂದುಳಿದಿದ್ದು, ಹೀಗೆ ಯೋಚಿಸೋರೇ ಹೆಚ್ಚು. ಆಮೇಲೆ ಬಂದ ಕೈಗಾರಿಕಾ ಶಾಲೆಗಳು ಮರಗೆಲಸ ಕಲಿಸಿದ್ದು ನಿಂತುಕೊಂಡು, ಬೆಂಚಿನ ಎದುರು.

ನಮ್ಮ ಮೈಸೂರನ್ನೇ ತಗೊಳ್ಳಿ. 1906ರಲ್ಲಿ ಬ್ರಿಟನ್ನಿನ ಯುವರಾಜ ಬಂದಿದ್ದಾಗ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಹಾಕಿಸಿದ್ರು. ಈಗ ಕಾವಾ ಅಂತ ಕರೆಯೋ ಕಲಾ ಕಾಲೇಜಿನ ಬೇರು ಅಲ್ಲಿದೆ. ಕೆತ್ತನೆ, ಮರಗೆಲಸ ಎಲ್ಲ ಅಲ್ಲಿ ತರಗತಿಯ ವಿಷಯ ಆಯ್ತು. ಇದನ್ನ ಬರೀ ವಸಾಹತುಶಾಹಿ ದಬ್ಬಾಳಿಕೆ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳ್ತೀನಿ.

ಆಚಾರಿ ಮನೆಯಲ್ಲಿ ಹುಟ್ಟಿದ ಹುಡುಗ ಅಪ್ಪನ ಪಕ್ಕ ನೆಲದಲ್ಲಿ ಕೂತು ಕಲೀತಿದ್ದ. ತುಂಬಾ ಒಳ್ಳೇ ಪಾಠಶಾಲೆ ಅದು, ಶುಲ್ಕ ಇಲ್ಲ, ಗುರು ಮನೆಯಲ್ಲೇ. ಆದರೆ ಆ ನೆಲದಲ್ಲಿ ಪಕ್ಕದ ಕೇರಿಯ ಹುಡುಗನಿಗೆ ಜಾಗ ಇರಲಿಲ್ಲ. ಸ್ವಂತ ಮನೆಯ ಹುಡುಗಿಗೂ ಇರಲಿಲ್ಲ. ಕುಲಕಸುಬು ಅಂದ್ರೆ ಒಳಗಿದ್ದವರಿಗೆ ಆಸ್ತಿ, ಹೊರಗಿದ್ದವರಿಗೆ ಬೇಲಿ. ಶಾಲೆಯ ಬೆಂಚು ಎದುರು ನಿಲ್ಲೋಕೆ ಬೇಕಾಗಿದ್ದು ಹಾಜರಿ ಪುಸ್ತಕದಲ್ಲಿ ಹೆಸರು. ಆ ಹಾಜರಿ ಪುಸ್ತಕವೂ ಎಲ್ಲರಿಗೂ ತೆರೆದಿರಲಿಲ್ಲ, ಅದು ಬೇರೆ ಜಗಳ. ಆದರೂ ಕಸುಬು ಹುಟ್ಟಿನಿಂದ ಬರಬೇಕಾಗಿಲ್ಲ ಅನ್ನೋ ಒಂದು ಸಂದು ತೆರೀತು. ಅದೇ ಹೊತ್ತಿಗೆ, ಕಾಲು ಬೆರಳಲ್ಲಿ ಮರ ಹಿಡಿಯೋ ವಿದ್ಯೆಗೆ ಪಠ್ಯಕ್ರಮದಲ್ಲಿ ಜಾಗ ಸಿಗಲಿಲ್ಲ. ಅದು ಬರೀ ಬಡವರ ಅಭ್ಯಾಸ ಅನ್ನಿಸ್ಕೊಂಡಿತು. ಎರಡೂ ನಿಜ.

ಗಾಂಧೀಜಿಯವರ ಬದುಕಲ್ಲೂ ಇದರ ಒಂದು ತುಣುಕಿದೆ. 1910ರಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರ, ಗೆಳೆಯ ಹರ್ಮನ್ ಕಾಲೆನ್‌ಬಾಕ್‌ರ ಜಮೀನಿನಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುವಾಯ್ತು. ಒಂದು ಊರೇ ಕಟ್ಟಬೇಕಿತ್ತು, ಪೀಠೋಪಕರಣ ಕೊಳ್ಳೋಕೆ ದುಡ್ಡಿಲ್ಲ. ಬೆಂಚಿನಿಂದ ಹಿಡಿದು ಪೆಟ್ಟಿಗೆ ತನಕ ಎಲ್ಲ ತಾವೇ ಮಾಡ್ಕೊಂಡೆವು ಅಂತ ಅವರು ಆಮೇಲೆ ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಪುಸ್ತಕದಲ್ಲಿ ನೆನೆಸ್ಕೋತಾರೆ. ಮೋಢ ಬನಿಯಾ ಮನೆಯ ಬ್ಯಾರಿಸ್ಟರ್ ಮರ ಕುಯ್ಯೋದು ಆ ಕಾಲಕ್ಕೆ ಸಣ್ಣ ವಿಷಯ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ಕೈಕಸುಬಿನ ಸುತ್ತ ಶಿಕ್ಷಣ ಕಟ್ಟೋ ಮಾತು ಬಂದಾಗ ಅದರ ಹಿಂದೆ ಈ ಅನುಭವವೂ ಇತ್ತು.

ಇನ್ನೊಂದು ಕಥೆ ಹೇಳಿ ಬೆಂಚು ಮಾಡೋದಕ್ಕೆ ಬರ್ತೀನಿ. ಇದು ಕುರ್ಚಿ ಕುಯ್ದವನ ಕಥೆ.

ರಾನ್ ಹಿಕ್‌ಮನ್, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದವನು. ಲೋಟಸ್ ಕಂಪನಿಯಲ್ಲಿ ಕಾರ್ ಡಿಸೈನರ್, 1962ರಲ್ಲಿ ಬಂದ ಲೋಟಸ್ ಎಲಾನ್ ಅವನ ಕೈಗುಣ. 1961ರ ಸುಮಾರಿಗೆ ಮನೆಯಲ್ಲಿ ಒಂದು ಬೀರು ಮಾಡ್ತಾ ಇದ್ದ. ಬೆಂಚಿಲ್ಲ. ಹಲಗೆಯನ್ನ ಒಂದು ಒಳ್ಳೇ ಕುರ್ಚಿ ಮೇಲೆ ಇಟ್ಟು ಗರಗಸ ಎಳೆದ. ಹಲಗೆ ಜೊತೆಗೆ ಕುರ್ಚಿನೂ ಕುಯ್ದುಹೋಯ್ತು. ನಾವೆಲ್ಲ ಮಾಡೋದೂ ಇದನ್ನೇ ಅಲ್ವಾ, ಸ್ಟೂಲ್ ಮೇಲೆ ಹಲಗೆ, ಹಲಗೆ ಮೇಲೆ ಮಂಡಿ? ಆ ಸಿಟ್ಟಿನಲ್ಲಿ ಅವನು ಯೋಚಿಸಿದ್ದೇ ಮಡಚೋ ಬೆಂಚು. ಅದರ ಮೇಲ್ಭಾಗವೇ ಎರಡು ಹಲಗೆ, ಹಿಡಿ ತಿರುಗಿಸಿದ್ರೆ ಅವೆರಡೂ ಹತ್ತಿರ ಬಂದು ಮರವನ್ನ ಕಚ್ಚಿ ಹಿಡಿಯುತ್ವೆ. ಅಂದ್ರೆ ಬೆಂಚೇ ವೈಸ್. ಕೆಳಗೆ ಒಂದು ಮೆಟ್ಟಿಲು, ಅದರ ಮೇಲೆ ಕಾಲಿಟ್ಟು ಒತ್ತಿದ್ರೆ ಅಲ್ಲಾಡಲ್ಲ. ಗಮನಿಸಿದ್ರಾ, ಮೈಭಾರ ವಾಪಸ್ ಬಂತು.

ದೊಡ್ಡ ದೊಡ್ಡ ಟೂಲ್ ಕಂಪನಿಗಳಿಗೆ ತೋರಿಸಿದ. ಸ್ಟ್ಯಾನ್ಲಿ ಬೇಡ ಅಂದ್ರು, ಬ್ಲ್ಯಾಕ್ ಅಂಡ್ ಡೆಕ್ಕರ್ ಬೇಡ ಅಂದ್ರು. ಮಾರುಕಟ್ಟೆ ಇಲ್ಲ ಅನ್ನೋದು ಅವರ ವಾದ. ಅವನೇ ಮಾಡಿ ಅವನೇ ಮಾರೋಕೆ ಶುರು ಮಾಡಿದ. 1970ರ ದಶಕದ ಮೊದಲಲ್ಲಿ ಅದೇ ಬ್ಲ್ಯಾಕ್ ಅಂಡ್ ಡೆಕ್ಕರ್ ಬಂದು ಪರವಾನಗಿ ತಗೊಳ್ತು. ವರ್ಕ್‌ಮೇಟ್ ಅನ್ನೋ ಹೆಸರಲ್ಲಿ ಕೋಟಿಗಟ್ಟಲೆ ಮಾರಾಟ ಆಯ್ತು. ಹಿಕ್‌ಮನ್ 2011ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಬರೆದಿದ್ದರಲ್ಲಿ ಕಾರಿನ ಜೊತೆಗೆ ಈ ಬೆಂಚೂ ಇತ್ತು. ದೊಡ್ಡ ಕಂಪನಿಗಳಿಗೆ ಕಾಣದೇ ಹೋಗಿದ್ದು ಏನು ಅಂದ್ರೆ, ಜಾಗ ಇಲ್ಲದ, ಅಂಗಡಿ ಇಲ್ಲದ, ಕಸುಬಿನ ಮನೆಯಲ್ಲಿ ಹುಟ್ಟದ ಜನಕ್ಕೂ ಕೈಕೆಲಸದ ಆಸೆ ಇರುತ್ತೆ ಅನ್ನೋದು.

ಸರಿ, ಈಗ ನನ್ನ ಬೆಂಚು. ನಾನು ಮಾಡ್ಕೊಂಡಿದ್ದು ರೋಮನ್ ಜಾತಿಯದು, ತಗ್ಗು ಬೆಂಚು. ಕಾರಣ ಸೀದಾ. ನನ್ನ ಬಾಲ್ಕನಿ ಅಗಲ ನಾಲ್ಕು ಅಡಿ. ಕೆಲಸ ಇಲ್ಲದಾಗ ಅದನ್ನ ಒಳಗಿಟ್ಟು ಶೂ ಹಾಕ್ಕೊಳ್ಳೋಕೆ ಕೂರಬಹುದು. ಮನೆ ಖಾಲಿ ಮಾಡಿದ್ರೆ ಆಟೋದಲ್ಲಿ ಹೋಗುತ್ತೆ.

ಹಳೇ ಮನೆ ಕೆಡವಿದಾಗ ಬಂದ ತೊಲೆ, ಹಲಗೆ ಮಾರೋ ಅಂಗಡಿಗೆ ಹೋದೆ. ಹೊಸ ಮರಕ್ಕಿಂತ ಇದು ಎರಡು ರೀತಿ ಒಳ್ಳೇದು. ಬೆಲೆ ಕಡಿಮೆ, ಜೊತೆಗೆ ಎಷ್ಟೋ ವರ್ಷ ಒಣಗಿ ಬಾಗೋದೆಲ್ಲ ಬಾಗಿ ಮುಗಿದಿರುತ್ತೆ. ಸಿಗಲಿಲ್ಲ ಅಂದ್ರೆ ಸಿಲ್ವರ್ ಓಕ್ ನೋಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿಗೆ ಬೆಳೆಸೋ ಮರ, ದುಬಾರಿ ಅಲ್ಲ. ನಾನು ಆರಿಸಿದ್ದು ನಾಲ್ಕು ಅಡಿ ಉದ್ದ, ಹತ್ತು ಇಂಚು ಅಗಲ, ಎರಡು ಇಂಚು ದಪ್ಪದ ಹಲಗೆ ಒಂದು, ಕಾಲಿಗೆ ಎರಡು ಇಂಚು ಚೌಕದ ತುಂಡು ನಾಲ್ಕು. ಎಲ್ಲ ಸೇರಿ ಸುಮಾರು ಒಂದೂವರೆ ಸಾವಿರ ಆಯ್ತು.

ಅಂಗಡಿ ಮೂಲೆಯಲ್ಲಿ ವಯಸ್ಸಾದ ಆಚಾರಿ ಒಬ್ಬರು ಬಾಗಿಲು ರಿಪೇರಿ ಮಾಡ್ತಾ ಇದ್ರು. ನೆಲದ ಮೇಲೆ ಕೂತೇ.

"ಏನಮ್ಮಾ, ಕೂರೋ ಬೆಂಚಾ?" ಅಂದ್ರು.

"ಇಲ್ಲ ಆಚಾರ್ರೇ, ಕೂತು ಕೆಲಸ ಮಾಡೋ ಬೆಂಚು. ಮರ ಉಜ್ಜೋಕೆ."

"ಕೂತೇ ಮಾಡೋದಾದ್ರೆ ನೆಲ ಏನ್ ಪಾಪ ಮಾಡಿತ್ತು?"

ಎರಡು ಸಾವಿರ ವರ್ಷದ ಇತಿಹಾಸ ಓದಿಕೊಂಡು ಹೋಗಿದ್ದವಳ ಹತ್ತಿರ ಒಳ್ಳೇ ಉತ್ತರ ಇರಲಿಲ್ಲ. "ನಿಮ್ಮಂಗೆ ದಿನಾ ಪೂರ್ತಿ ನೆಲದಲ್ಲಿ ಕೂರೋಕೆ ನಮ್ಮ ಮಂಡಿ ಒಪ್ಪಲ್ಲ" ಅಂದೆ. ಅವರು ನಕ್ಕು, "ನಮ್ಮದೂ ಒಪ್ಪಲ್ಲ ಈಗ. ಕಾಲು ಜಾಸ್ತಿ ಇಡು, ಮಂಡಿಗೆ ಒಳ್ಳೇದು" ಅಂದ್ರು. ಎತ್ತರ ಇಡು ಅಂತ ಅರ್ಥ. ಹೊರಡುವಾಗ ಕೂಗಿ ಹೇಳಿದ್ದು ಇನ್ನೊಂದು: "ಬೆಂಚು ಅಲ್ಲಾಡಿದ್ರೆ ತಕ್ಷಣ ಕಾಲು ಕುಯ್ಯಬೇಡ ಕಣಮ್ಮ. ಮೊದ್ಲು ನೆಲ ಸರಿ ಇದೆಯಾ ನೋಡು."

ಮಾಡೋದು ಹೀಗೆ. ಕುರ್ಚಿಯಲ್ಲಿ ಪಾದ ಊರಿ ಕೂತಾಗ ನೆಲದಿಂದ ನಿಮ್ಮ ಮಂಡಿಯ ಹಿಂಭಾಗ ಎಷ್ಟು ಎತ್ತರವೋ ಅಷ್ಟು ಬೆಂಚಿನ ಎತ್ತರ. ನನಗೆ 17 ಇಂಚು. ಕಾಲುಗಳನ್ನ ಎರಡು ಇಂಚು ಉದ್ದವಾಗೇ ಕುಯ್ಕೊಳ್ಳಿ, ಆಮೇಲೆ ಸಮ ಮಾಡೋಕೆ ಬೇಕು. ಪ್ರತಿ ಕಾಲಿನ ಮೇಲ್ತುದಿಯನ್ನ ಉಳಿಯಿಂದಲೋ ಚೂರಿಯಿಂದಲೋ ಕೆತ್ತಿ, ಒಂದೂಕಾಲು ಇಂಚಿನ ಗುಂಡನೆ ಮೂತಿ ಮಾಡಿ. ಹಲಗೆಗೆ ಅದೇ ಅಳತೆಯ ತೂತು ನಾಲ್ಕು, ಮೂಲೆಗಳಿಂದ ಸ್ವಲ್ಪ ಒಳಗೆ. ಡ್ರಿಲ್ ಬಾಡಿಗೆಗೆ ಸಿಗುತ್ತೆ. ತೂತು ನೇರ ಬೇಡ, ಕಾಲು ಹೊರಗೆ ಚಾಚಬೇಕು, ಇಲ್ಲಾಂದ್ರೆ ಉಜ್ಜೋವಾಗ ಬೆಂಚು ಮಗುಚುತ್ತೆ. ಎಷ್ಟು ಓರೆ? 15 ಡಿಗ್ರಿ ಸಾಕು. ರಟ್ಟಿನಲ್ಲಿ ಆ ಕೋನ ಕತ್ತರಿಸಿ ಡ್ರಿಲ್ ಪಕ್ಕ ನಿಲ್ಲಿಸ್ಕೊಂಡು ಅದನ್ನ ನೋಡ್ತಾ ಕೊರೀರಿ. ಫೋನಲ್ಲಿರೋ ಕೋನ ಅಳೆಯೋ ಆ್ಯಪ್ ಇಲ್ಲಿ ಕೆಲಸಕ್ಕೆ ಬರುತ್ತೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ.

ಮೊಳೆ ಬೇಡ, ಸ್ಕ್ರೂ ಬೇಡ, ಬೆಣೆ ಸಾಕು. ಕಾಲಿನ ಮೂತಿಗೆ ಮೇಲಿಂದ ಗರಗಸದಲ್ಲಿ ಒಂದು ಸೀಳು ಹಾಕಿ, ಕಾಲನ್ನ ತೂತಿಗೆ ಕೆಳಗಿಂದ ಹೊಡೆದು ಕೂರಿಸಿ, ಮೇಲಿಂದ ಸೀಳಿಗೆ ಅಂಟು ಹಚ್ಚಿದ ಬೆಣೆ ಜಡೀರಿ. ಮೂತಿ ಅಗಲವಾಗಿ ತೂತಲ್ಲಿ ಕಚ್ಕೊಳ್ಳುತ್ತೆ. ಇಲ್ಲಿ ಒಂದೇ ಒಂದು ನಿಯಮ: ಬೆಣೆ ಹಲಗೆಯ ನಾರಿಗೆ ಅಡ್ಡಡ್ಡ ಇರಬೇಕು. ನಾರಿನ ಉದ್ದಕ್ಕೇ ಇಟ್ಟು ಹೊಡೆದ್ರೆ ಸೌದೆ ಸೀಳೋ ಕೊಡಲಿಗೂ ಅದಕ್ಕೂ ವ್ಯತ್ಯಾಸ ಇಲ್ಲ, ಹಲಗೆ ಬಿರಿಯುತ್ತೆ.

ಆಮೇಲೆ ಸಮ ಮಾಡೋದು. ಸಮ ನೆಲದ ಮೇಲೆ ಬೆಂಚು ನಿಲ್ಲಿಸಿ, ಗಿಡ್ಡ ಕಾಲುಗಳ ಕೆಳಗೆ ಕಾಗದ ಮಡಚಿ ಇಟ್ಟು, ಮೇಲ್ಭಾಗ ಮಟ್ಟ ಆಗೋ ಹಾಗೆ ಮಾಡಿ. ನಂತರ ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ, ಆ ತುಂಡನ್ನ ನೆಲದ ಮೇಲೆ ಜಾರಿಸ್ತಾ ಪ್ರತಿ ಕಾಲಿನ ಸುತ್ತ ಗೆರೆ ಎಳೀರಿ. ನಾಲ್ಕೂ ಕಾಲಲ್ಲಿ ಗೆರೆ ಒಂದೇ ಎತ್ತರ. ಗೆರೆ ಮೇಲೆ ಕುಯ್ದ್ರೆ ಬೆಂಚು ನಿಂತಿತು. ಕುಯ್ಯೋವಾಗ ಬೆಂಚನ್ನ ಪಕ್ಕಕ್ಕೆ ಮಲಗಿಸಿ ಕಾಲಿನಿಂದ ಒತ್ತಿ ಹಿಡೀರಿ. ಬೆಂಚಿಲ್ಲದೆ ಬೆಂಚು ಮಾಡೋದು ಹೇಗೆ ಅಂತ ಕೇಳಿದ್ನಲ್ಲ, ಹೀಗೆ.

ಕೊನೆಗೆ ಗೂಟಗಳು. ಹಳೇ ಮಾಪ್‌ನ ಮರದ ಕೋಲು ತಗೊಂಡೆ, ಅದರ ದಪ್ಪಕ್ಕೆ ಸರಿಯಾಗಿ ಹಲಗೆಯ ಒಂದು ತುದಿಯಲ್ಲಿ ಎರಡು ತೂತು, ಉದ್ದಕ್ಕೆ ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು. ತುದಿಯ ಗೂಟಕ್ಕೆ ತಾಗಿಸಿ ಉಜ್ಜೋದು. ಅಂಚಿನ ಗೂಟಗಳ ನಡುವೆ ಹಲಗೆಯನ್ನ ನೆಟ್ಟಗೆ ನಿಲ್ಲಿಸಿ, ಸಂದಿಗೆ ಬೆಣೆ ಹೊಡೆದ್ರೆ ಅಲ್ಲಾಡದೆ ನಿಲ್ಲುತ್ತೆ. ಕಬ್ಬಿಣದ ಮೊಳೆ ಯಾಕೆ ಬೇಡ ಅಂದ್ರೆ, ಉಜ್ಜುಗೊರಡಿನ ಅಲಗು ಒಮ್ಮೆ ಮೊಳೆಗೆ ತಾಗಿದ್ರೆ ಅದನ್ನ ಮತ್ತೆ ಸಾಣೆ ಹಿಡಿಯೋಕೆ ಒಂದು ಸಂಜೆ ಹೋಗುತ್ತೆ.

ಎರಡು ಭಾನುವಾರದ ಕೆಲಸ ಇದು. ಇದರ ಮೇಲೆ ಇಲ್ಲಿ ತನಕ ಒಂದು ಪುಸ್ತಕದ ಕಪಾಟು, ಒಂದು ಗಿಡದ ಸ್ಟ್ಯಾಂಡ್, ಪಕ್ಕದ ಮನೆ ಆಂಟಿಯ ಮುರಿದ ಈಳಿಗೆಮಣೆಗೆ ಹೊಸ ಹಲಗೆ ಆಗಿದೆ. ಆಗದೇ ಇರೋದೂ ಇದೆ. ಹಲಗೆಯ ತುದಿಯನ್ನ ಮೇಲಕ್ಕೆ ನಿಲ್ಲಿಸಿ ಸಣ್ಣ ಸಂದು ಕೀಲು ಕುಯ್ಯೋಕೆ ಇದು ತೀರಾ ತಗ್ಗು, ಅದಕ್ಕೆ ಊಟದ ಟೇಬಲ್ಲಿಗೆ ಎರಡು ಕ್ಲ್ಯಾಂಪ್ ಹಾಕ್ಕೋತೀನಿ. ಎಂಟು ಅಡಿ ಬಾಗಿಲು ಮಾಡಬೇಕು ಅನ್ನೋರಿಗೆ ನಿಕಲ್ಸನ್‌ನ ಬೆಂಚೇ ಸರಿ.

ಮುಂದಿನ ಸಂಚಿಕೆಯಲ್ಲಿ ಗರಗಸ. ಯುರೋಪಿನ ಗರಗಸ ತಳ್ಳಿದಾಗ ಕುಯ್ಯುತ್ತೆ, ಜಪಾನಿನದು ಎಳೆದಾಗ. ಯಾಕೆ ಹೀಗೆ ಅಂತ ಕೇಳಿದ್ರೆ ಮತ್ತೆ ನೆಲ, ಬೆಂಚು, ಕೂರೋದು, ನಿಲ್ಲೋದು ಇವುಗಳ ಜಗಳಕ್ಕೇ ಬರಬೇಕಾಗುತ್ತೆ. ನಿಮ್ಮ ಮನೆಯಲ್ಲಿ ಹಳೇ ಗರಗಸ ಇದ್ರೆ ಅದರ ಹಲ್ಲು ಯಾವ ಕಡೆ ವಾಲಿದೆ ಅಂತ ಅಷ್ಟರೊಳಗೆ ನೋಡಿಟ್ಟಿರಿ.